ನಾಲ್ಕನೆಯ ಮೆಟ್ಟಿಲು

ದಾದಿಯರ ತರಬೇತಿ ಶಾಲೆಯ ಪರೀಕ್ಷೆಗೆ ಇನ್ನೊಂದು ಗಂಟೆಯಿತ್ತು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ಸಿಕ್ಕಿತು. ಪರೀಕ್ಷೆ ರದ್ದಾಯಿತು.

ಮಧ್ಯಾಹ್ನದೊಳಗೆ ಕಳ್ಳಿ ಯಾರೆಂದು ಎಲ್ಲರೂ ತೀರ್ಮಾನಿಸಿದ್ದರು. ಶಾಲೆಯ ವೆಬ್‌ಸೈಟ್ ಇದ್ದ ಸರ್ವರಿನಲ್ಲೇ ಪ್ರಶ್ನೆಪತ್ರಿಕೆಯ ಫೋಲ್ಡರ್ ಇತ್ತು; ಅದು ಗುಮಾಸ್ತೆಯ ಸುಪರ್ದಿ. ಅವಳ ಮಗಳೂ ಅದೇ ಪರೀಕ್ಷೆಗೆ ಕೂರಬೇಕಿತ್ತು. ಪ್ರಾಂಶುಪಾಲರ ಮೇಜಿನ ಮೇಲೆ ಅಮಾನತಿನ ಆದೇಶ ಸಿದ್ಧವಿತ್ತು. ಸಹಿಯೊಂದು ಬಾಕಿ.

ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಮೊಣಕಾಲು ನೀವಿಕೊಳ್ಳುತ್ತ ಕುಳಿತರು. ಬೆಳಗಿನಿಂದ ಆಕೆ ಊಟ ಮಾಡಿರಲಿಲ್ಲ.

ಗುಮಾಸ್ತೆಯ ಮಗಳ ಫೋನಿನಲ್ಲಿ ಏನೂ ಸಿಗಲಿಲ್ಲ. ಗುಮಾಸ್ತೆ ಅಳಲಿಲ್ಲ. ಮಂಗಳವಾರ ತಾನೇ ಆ ಫೋಲ್ಡರನ್ನು ಇನ್ನೊಂದು ಹಂತ ಮೇಲಕ್ಕೆ ಸರಿಸಿದ್ದಾಗಿಯೂ ಯಾರಿಗೂ ಹೇಳಿಲ್ಲವೆಂದೂ ತಿಳಿಸಿದಳು.

“ಯಾಕೆ?”

“ಮನೇಲಿ ಮಕ್ಕಳ ಕೈಗೆ ಸಿಗಬಾರದ್ದನ್ನ ಅಟ್ಟದ ಮೇಲೆ ಇಡಲ್ವಾ ಮೇಡಂ? ಹಾಗೇ.”

* * *

ಸಂಜೆ ಸರ್ವರ್ ಕಂಪನಿಯಿಂದ, ಯಾವಾಗ ಏನೇನು ತೆರೆದಿದ್ದಾರೆಂಬ ದಾಖಲೆ ಬಂತು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿ, ಎಲ್ಲರನ್ನೂ ಕರೆಸಿದರು. ಸೋಮವಾರ ರಜೆಯ ಮೇಲೆ ಹೋಗಿದ್ದ ಕಂಪ್ಯೂಟರ್ ಮೇಷ್ಟ್ರೂ ಬಂದರು. ಶಾಲೆಯ ವೆಬ್‌ಸೈಟ್ ಕಟ್ಟಿದ್ದು ಅವರೇ. ಸೋಮವಾರದಿಂದ ಅದನ್ನು ತೆರೆದೂ ನೋಡಿಲ್ಲವೆಂದರು.

ಇನ್‌ಸ್ಪೆಕ್ಟರ್ ಬೇಸರದ ದನಿಯಲ್ಲಿ ವಿವರಿಸಿದರು. ಬುಧವಾರ ಯಾರೋ ವೆಬ್‌ಸೈಟಿನಲ್ಲಿ ಹಾಲ್ ಟಿಕೆಟ್ ಸಂಖ್ಯೆ ತುಂಬುವ ಕಡೆ ಸಂಖ್ಯೆಯ ಬದಲು ಎರಡು ಚುಕ್ಕಿ, ಒಂದು ಓರೆಗೆರೆ ಬರೆದಿದ್ದಾರೆ. ‘ಒಂದು ಮೆಟ್ಟಿಲು ಮೇಲೆ ಹೋಗು’ ಎಂದು ಅದರರ್ಥ. ವೆಬ್‌ಸೈಟ್ ತಡೆಯಬೇಕಿತ್ತು. ಪಾಸ್‌ವರ್ಡ್ ಕೂಡ ಕೇಳದೆ ಹತ್ತಿಸಿಕೊಂಡು ಹೋಗಿದೆ.

“ಹೀಗೆ ಮೂರು ಮೆಟ್ಟಿಲು ಹತ್ತಿ ಪತ್ರಿಕೆ ಇಳಿಸಿಕೊಂಡಿದ್ದಾರೆ.”

“ಮೂರಲ್ಲ ಮೇಡಂ, ನಾಲ್ಕು,” ಎಂದರು ಮೇಷ್ಟ್ರು. ಇಪ್ಪತ್ತು ವರ್ಷ ತಪ್ಪು ತಿದ್ದಿದ ನಾಲಿಗೆ.

ಇನ್‌ಸ್ಪೆಕ್ಟರ್ ದಾಖಲೆಯನ್ನು ಮೇಷ್ಟ್ರ ಮುಂದೆ ಸರಿಸಿದರು.

“ಹೌದು, ನಾಲ್ಕು. ಸೋಮವಾರ ನೀವು ಹೋಗುವಾಗ ಮೂರೇ ಇತ್ತು. ನಾಲ್ಕಾಗಿದ್ದು ಮಂಗಳವಾರ. ಅದು ಗೊತ್ತಿದ್ದದ್ದು ಸರಿಸಿದ ಈ ಗುಮಾಸ್ತೆಗೆ, ಬಿಟ್ಟರೆ ಕಳ್ಳನಿಗೆ.” ಆಕೆ ದಾಖಲೆಯ ಮೇಲೆ ಬೆರಳಿಟ್ಟರು. “ಕಳ್ಳ ಮೊದಲು ಮೂರು ಹತ್ತಿದ. ಏನೂ ಸಿಗಲಿಲ್ಲ. ಆಮೇಲೆ ನಾಲ್ಕು. ಇಟ್ಟವರೇ ಆಗಿದ್ದರೆ ಹೀಗೆ ತಡವರಿಸ್ತಿರಲಿಲ್ಲ. ಹಳೇ ಜಾಗ ಮಾತ್ರ ಗೊತ್ತಿದ್ದವರು ನೀವು.”

ಮೇಷ್ಟ್ರು ತಲೆ ತಗ್ಗಿಸಿದರು. ತಂಗಿ ಇದೇ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ ಎಂದರು. ತನ್ನ ಪಾಸ್‌ವರ್ಡ್ ಬಳಸಿದ್ದರೆ ಹೆಸರು ದಾಖಲಾಗುತ್ತಿತ್ತು, ಅದಕ್ಕೇ ಈ ದಾರಿ. ಜೆರಾಕ್ಸ್ ಅಂಗಡಿಗೆ ಹೋಗಿ ಪತ್ರಿಕೆಯನ್ನು ಅಲ್ಲೇ ಮರೆತು ಬಂದದ್ದು ಆ ತಂಗಿಯೇ.

ಪ್ರಾಂಶುಪಾಲರು ಆದೇಶವನ್ನು ಹರಿದರು. ಕ್ಷಮೆ ಕೇಳಲಿಲ್ಲ.

ಗುಮಾಸ್ತೆ ಬಾಗಿಲವರೆಗೆ ಬಂದಳು. “ಮುಂದಿನ ಸಲ ಇನ್ನೂ ಮೇಲಿಡಲಾ ಮೇಡಂ?”

“ಎಲ್ಲಾದ್ರೂ ಇಡಿ,” ಎಂದರು ಇನ್‌ಸ್ಪೆಕ್ಟರ್. “ಮೊದಲು ಏಣಿ ತೆಗೆಸಿ.”