ಅಂಬಿಗಿತ್ತಿಗೆ ಹೇಳದ ಮಾತು

ತೃಷಾ ಆಟಕ್ಕೆ ಸೇರಿದ ಮೊದಲ ಭಾನುವಾರವೇ ರಾಜಕುಮಾರ ಅವಳಿಗೆ ಮನಸೋತ.

ರಾಜಕುಮಾರ ನಿಜದವನಲ್ಲ. ಮೂಡುಬಿದಿರೆಯಲ್ಲಿ ನಿಝಾರನ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಗೆಳೆಯರು ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಬಾಯಿಮಾತಿನಲ್ಲೇ ಕಟ್ಟುತ್ತಿದ್ದ ಕಥೆಯವನು. ಕಥೆ ನಡೆಸುವವನು ಶೋಧನ್, ಮಿಜಾರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಉಳಿದವರಿಗೆ ಒಂದೊಂದು ಪಾತ್ರ. ದಾರಿಯಲ್ಲಿ ಸಿಗುವ ರಾಜ, ಕಳ್ಳ, ಮುದುಕಿ ಎಲ್ಲರ ಬಾಯಿಯೂ ಶೋಧನನದೇ.

ಮೊದಲು ಅವನು ತಂದಿದ್ದ ಆಟದ ನಿಯಮಗಳ ಪುಸ್ತಕ ಇಟ್ಟಿಗೆಯಷ್ಟು ದಪ್ಪವಿತ್ತು. ಗೆಳೆಯರಲ್ಲೊಬ್ಬಳಾದ ಸುಪ್ರೀತಾ ಒಂದೇ ದಿನಕ್ಕೆ ರೇಗಿದ್ದಳು. "ಒಂದು ಕತ್ತಿ ಬೀಸಲಿಕ್ಕೆ ಇಷ್ಟು ಲೆಕ್ಕವಾ ಮಾರಾಯ? ಇದಕ್ಕಿಂತ ನನ್ನ ಕ್ಲಿನಿಕ್ಕೇ ವಾಸಿ."

ಮುಂದಿನ ವಾರ ಶೋಧನ್ ನಾಲ್ಕು ಹಾಳೆ ಹಿಡಿದು ಬಂದ. "ಇದರಲ್ಲಿ ನಿಯಮವೇ ಕಡಿಮೆ. ನಿನ್ನ ಪಾತ್ರ ಏನು ಬೇಕಾದ್ರೂ ಮಾಡಬಹುದು, ಯಾಕೆ ಅಂತ ಹೇಳಿದ್ರೆ ಸಾಕು. ದಾಳ ಸೋತರೂ ಕಥೆ ನಿಲ್ಲುವುದಿಲ್ಲ, ತಿರುಗ್ತದೆ."

ತನಗಾಗಿಯೇ ಹುಡುಕಿ ತಂದದ್ದು ಎಂದು ಅವಳಿಗೆ ಗೊತ್ತಾಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ವಾರವಿಡೀ ಬಿ.ಸಿ. ರೋಡಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುವ ಸುಪ್ರೀತಾ, ಭಾನುವಾರ ಬಂದರೆ ಕಥೆಯಲ್ಲಿ ನೆರೆನೀರಿಗೂ ಅಂಜದ ಅಂಬಿಗಿತ್ತಿ. ಹುಟ್ಟು ಹಾಕುವುದು ಹೇಗೆಂದು ಅವಳಿಗೆ ತಿಳಿಯದು. ಆದರೂ ಅವಳು ಹೇಳತೊಡಗಿದರೆ ನಿಝಾರ್ ಕುರ್ಚಿಯಲ್ಲೇ ಕಾಲು ಮೇಲೆತ್ತಿಕೊಳ್ಳುತ್ತಿದ್ದ, ನೀರು ತಾಗೀತು ಎಂಬಂತೆ. ಶೋಧನ್ ದಾಳ ಮರೆತು ಅವಳನ್ನೇ ನೋಡುತ್ತಿದ್ದ.

ಆಮೇಲೆ ತೃಷಾ ಬಂದಳು. ಬೆಳ್ತಂಗಡಿಯ ಹತ್ತಿರದ ಲಾಯಿಲದವಳು, ಶೋಧನನ ಕಾಲೇಜಿಗೆ ಹೊಸದಾಗಿ ಸೇರಿದ ಇಂಗ್ಲಿಷ್ ಲೆಕ್ಚರರ್. ಕಥೆಯಲ್ಲಿ ಆಸ್ಥಾನದ ಹಾಡುಗಾರ್ತಿ.

"ನಿನ್ನ ಹಾಡು ಕೇಳಿದ ಮೇಲೆ ನನಗೆ ರಾಜ್ಯ ಯಾಕೆ?" ಎಂದು ರಾಜಕುಮಾರನಾಗಿ ಶೋಧನ್ ಕೇಳಿದ. ದನಿ ಜೇನಿನಂತಿತ್ತು.

"ಅಯ್ಯೋ ಸರ್!" ತೃಷಾ ನಗುತ್ತ ಕೆನ್ನೆಗೆ ಅಂಗೈ ಇಟ್ಟುಕೊಂಡಳು. ಅವಳ ಬಳೆ ಸದ್ದು ಮಾಡಿತು. ಆ ಸದ್ದು ಸುಪ್ರೀತಾಳಿಗೆ ಬಂಟ್ವಾಳದ ಮನೆ ತಲುಪುವವರೆಗೂ ಬಸ್ಸಿನಲ್ಲಿ ಕೇಳಿಸಿತು.

ಅಂಬಿಗಿತ್ತಿಯ ಸರದಿ ಬಂದಾಗ ಅದೇ ರಾಜಕುಮಾರ ಕೇಳಿದ್ದು ಇಷ್ಟೇ: "ದೋಣಿ ಎಷ್ಟು ಹೊತ್ತಿಗೆ ಹೊರಡ್ತದೆ?"

ಪ್ರತಿ ಭಾನುವಾರವೂ ಹೀಗೇ. ಅವಳಿಗೆ ಪ್ರೇಮ, ಇವಳಿಗೆ ವಿಚಾರಣೆ.

ಕೊನೆಗೊಂದು ದಿನ ಕಥೆಯಲ್ಲಿ ರಾಜಕುಮಾರನೂ ಹಾಡುಗಾರ್ತಿಯೂ ಅರಮನೆ ಬಿಟ್ಟು ಓಡಿ ಬಂದರು. ನಿಝಾರ್ ಆಡುವ ಕಾವಲುಗಾರನೂ ಜೊತೆಗಿದ್ದ. ಹೊಳೆ ದಾಟಿಸಬೇಕಾದವಳು ಸುಪ್ರೀತಾ.

"ನಡು ನೀರಿಗೆ ಬಂದಿದ್ದೀರಿ. ಏನು ಮಾಡ್ತಿ?" ಶೋಧನ್ ಕೇಳಿದ.

"ದೋಣಿ ಮಗುಚ್ತೇನೆ."

"ನಾನೂ ಅದರಲ್ಲೇ ಇದ್ದೇನೆ ಮಾರಾಯ್ತಿ!" ನಿಝಾರ್ ಕೂಗಿದ.

ಶೋಧನ್ ನಗಲಿಲ್ಲ. "ಮಗುಚಬಹುದು. ಯಾಕೆ ಅಂತ ಹೇಳು."

"ಅಂಬಿಗಿತ್ತಿಗೆ ಬೇಜಾರು ಬಂದಿದೆ."

"ಅಷ್ಟು ಸಾಲದು."

"ಸಾಲದಾ?" ಸುಪ್ರೀತಾಳ ಕಿವಿ ಬಿಸಿಯಾಯಿತು. "ಮಳೆಯಲ್ಲಿ, ನೆರೆಯಲ್ಲಿ ಅವನನ್ನು ದಾಟಿಸಿದವಳು ಇವಳು. ಒಂದು ಸಲವಾದ್ರೂ ಇವಳ ಮುಖ ನೋಡಿದ್ದಾನಾ? ಮೊನ್ನೆ ಬಂದವಳಿಗೆ ರಾಜ್ಯವನ್ನೇ ಬಿಡ್ತಾನೆ, ಇವಳ ಹತ್ತಿರ ದೋಣಿಯ ಟೈಮ್ ಕೇಳ್ತಾನೆ!"

ಕೊನೆಯ ಮಾತಿಗೆ ದನಿ ಒಡೆಯಿತು. ತೃಷಾಳ ತುಟಿಯ ನಗು ಮಾಯವಾಯಿತು. ಯಾರೂ ದಾಳಕ್ಕೆ ಕೈ ಹಾಕಲಿಲ್ಲ. ಸುಪ್ರೀತಾ ಬ್ಯಾಗ್ ಎಳೆದುಕೊಂಡು ಮೆಟ್ಟಿಲಿಳಿದಳು. ನಾಚಿಕೆಯೋ ಹೊಟ್ಟೆಕಿಚ್ಚೋ, ಕಣ್ಣು ಉರಿಯುತ್ತಿತ್ತು.

ಬಸ್ ಸ್ಟ್ಯಾಂಡಿನ ಬಳಿ ಶೋಧನ್ ಏದುಸಿರು ಬಿಡುತ್ತ ಬಂದು ತಲುಪಿದ.

"ನಿಲ್ಲು ಸುಪ್ರೀತಾ."

"ನನಗೆ ಬಸ್ ಉಂಟು. ನಿನಗೆ ತೃಷಾ ಕಾಯ್ತಿರಬಹುದು."

"ಅವಳೇ ದೂಡಿ ಕಳಿಸಿದ್ದು. 'ಮಗುಚಿದ್ದು ದೋಣಿ ಅಲ್ಲ ಸರ್, ಓಡಿ' ಅಂದಳು."

ಸುಪ್ರೀತಾ ಮುಖ ತಿರುಗಿಸಿದಳು. "ಅವಳ ಹತ್ತಿರ ಎಷ್ಟು ಚಂದ ಮಾತಾಡ್ತಿ ನೀನು."

"ಅವಳ ಹತ್ತಿರ ಸುಲಭ. ಅದು ಕಥೆ, ಮೇಜಿನಿಂದ ಎದ್ದ ಕೂಡಲೇ ಮರೀತೇನೆ." ಶೋಧನ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನಿನ್ನ ಕಡೆ ತಿರುಗಿ ಅದೇ ಮಾತು ಹೇಳುವ ಅಂತ ಪ್ರತಿ ಸಲ ಬಾಯಿ ತೆರೀತೇನೆ. ಆದ್ರೆ ಅದು ರಾಜಕುಮಾರನ ಮಾತಾಗುವುದಿಲ್ಲ, ನನ್ನದಾಗ್ತದೆ. ಎಲ್ಲರೆದುರು ಸಿಕ್ಕಿಬೀಳ್ತೇನೆ ಅಂತ ಹೆದರಿ ಏನೋ ಒಂದು ಕೇಳಿಬಿಡ್ತೇನೆ."

ಸುಪ್ರೀತಾ ಅವನತ್ತ ತಿರುಗಿದಳು. ಆದರೂ ಅವಳು ಸುಲಭಕ್ಕೆ ಬಿಡುವವಳಲ್ಲ. "ಈಗ ಯಾರೂ ಇಲ್ಲ. ಹೇಳು."

"ಅಷ್ಟು ಚಂದ ಬರ್ಲಿಕ್ಕಿಲ್ಲ."

"ಬರುವಷ್ಟು ಹೇಳು."

ಆಟದ ಮಾತೆಲ್ಲ ಕನ್ನಡದಲ್ಲಿ. ಆಟದ ಗುಂಗಿನಲ್ಲೇ ಓಡಿಬಂದ ಶೋಧನ್ ಇಷ್ಟು ಹೊತ್ತೂ ಕನ್ನಡದಲ್ಲೇ ಮಾತಾಡಿದ್ದ. ಈಗ ಅವಳ ಕಣ್ಣು ನೋಡಿ ಮನೆಯ ತುಳುವಿಗೆ ತಿರುಗಿದ.

"ಎಂಕ್ ಈ ಬೋಡು."

ನನಗೆ ನೀನು ಬೇಕು. ಅಷ್ಟೇ. ಯಾವ ರಾಜಕುಮಾರನೂ ಹಾಗೆ ಮಾತಾಡುವುದಿಲ್ಲ.

"ಎಂಕ್‌ಲಾ," ನನಗೂ, ಎಂದಳು ಸುಪ್ರೀತಾ. ಬಂಟ್ವಾಳದ ಬಸ್ಸು ಬಂದು, ನಿಂತು, ಹೊರಟುಹೋಯಿತು.

ಅವಳು ಕಣ್ಣೊರೆಸಿಕೊಂಡಳು. "ಮೇಲೆ ಹೋಗುವ. ತೃಷಾಳಲ್ಲಿ ಸಾರಿ ಕೇಳಬೇಕು, ಪಾಪ. ಅವಳನ್ನೂ ನಿಝಾರನನ್ನೂ ದಡ ಸೇರಿಸ್ತೇನೆ." ಮತ್ತೆ ಹುಬ್ಬು ಗಂಟಿಕ್ಕಿತು. "ರಾಜಕುಮಾರ ಮಾತ್ರ ಮುಳುಗಲೇಬೇಕು."

"ಮುಳುಗಲಿ," ಎಂದು ಶೋಧನ್ ಅವಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ.