ದಡ ಬಂತೆಂದು ಎದ್ದ ಪ್ರಧಾನಮಂತ್ರಿ

ಬಹಳ ಬಹಳ ಹಿಂದೆ, ಗೋಪುರದ ಗಡಿಯಾರಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಬ್ರಿಟನ್ ಎಂಬ ಮಂಜಿನ ದ್ವೀಪದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ರಾಣಿಗೆ ಕಿರೀಟ, ಪ್ರಧಾನಮಂತ್ರಿಗೆ ಕುರ್ಚಿ. ಆಳುವುದು ಯಾವುದು ಅಂತ ಕೇಳಬೇಡಿ, ಕುರ್ಚಿಯೇ. ಎಲ್ಲ ಕಡೆಯೂ ಹಾಗೇ ತಾನೇ!

ಆ ಕುರ್ಚಿಯಿದ್ದ ಮನೆಗೊಂದು ಕರಿ ಬಾಗಿಲು. ಹೊರಗಡೆ ಬೀಗದ ತೂತೇ ಇಲ್ಲ, ಒಳಗಿನಿಂದ ತೆರೆದರೆ ಮಾತ್ರ ತೆರೆಯುವ ಬಾಗಿಲು. ಒಳಗೆ ಹೋದ ಪ್ರಧಾನಮಂತ್ರಿಗಳನ್ನು ಜನ ನೋಡಿದ್ದರು. ಹೊರಗೆ ಬಂದವರನ್ನು ಯಾರೂ ನೋಡಿರಲಿಲ್ಲ.

ಅದೇ ರಾಜ್ಯದ ಹೊಳೆಯೊಂದರಲ್ಲಿ ಹೆಸ್ಟರ್ ಪೆಂಗೆಲಿ ಎಂಬವಳೂ ಅವಳ ತಮ್ಮ ಟೋಬಿಯಸನೂ ದೋಣಿ ನಡೆಸುತ್ತಿದ್ದರು. ಟೋಬಿಯಸ್ ಹುಟ್ಟಿದ್ದೇ ದೋಣಿಯಲ್ಲಿ, ಅವನ ತೊಟ್ಟಿಲೂ ದೋಣಿಯೇ. ದಡ ಮುಟ್ಟಿದಾಗ ಅಕ್ಕ ತಮ್ಮ ಒಟ್ಟಿಗೆ ಕೂಗುತ್ತಿದ್ದರು: "ದಡ ಬಂತು, ಏಳ್ರಪ್ಪಾ ಏಳಿ!" ಆಹಾ, ಎಂಥ ಕೂಗು ಅದು! ಗೊರಕೆ ಹೊಡೆಯುವ ಮುದುಕರೂ ತಟ್ಟನೆ ಎದ್ದು ನಿಲ್ಲುತ್ತಿದ್ದರು.

ಹೆಸ್ಟರಳ ನ್ಯಾಯಬುದ್ಧಿ ಕಂಡು ಜನ ಅವಳನ್ನು ಆರಿಸಿ ಮಹಾಸಭೆಗೆ ಕಳಿಸಿದರು. ಅವಳು ಪ್ರಧಾನಮಂತ್ರಿಯಾದಳು, ಕರಿ ಬಾಗಿಲು ಹೊಕ್ಕಳು. ಅಷ್ಟೇ. ಮತ್ತೆ ಸುದ್ದಿಯಿಲ್ಲ.

"ಏನೋ ಟೋಬಿ, ಅಕ್ಕ ದೊಡ್ಡೋಳಾದ್ಲು, ತಮ್ಮ ಮರೆತೇಹೋದ್ನೇನೋ?" ಎಂದು ಮೀನು ಮಾರುವ ಮಾರ್ಜರಿ ಚುಚ್ಚಿದಳು.

"ಮರೆಯೋ ಪೈಕಿ ಅಲ್ಲ ಅವಳು. ಏನೋ ಆಗಿದೆ. ಹೋಗಿ ಕರ್ಕೊಂಡು ಬರ್ತೀನಿ."

"ಆ ಬಾಗಿಲು ಪ್ರಧಾನಮಂತ್ರಿಗೆ ಮಾತ್ರ ತೆರೆಯೋದು ಕಣೋ ಪೆದ್ದ!"

"ಹಾಗಾದ್ರೆ ಪ್ರಧಾನಮಂತ್ರಿ ಆಗ್ತೀನಿ," ಎಂದ ಟೋಬಿಯಸ್.

ಹೇಳಿದಷ್ಟು ಸುಲಭವೇ? ಊರೂರು ಸುತ್ತಿದ. ಸೋತ, ಗೆದ್ದ, ಮತ್ತೆ ಸೋತ. ಮಹಾಸಭೆಯ ಹಿಂದಿನ ಬೆಂಚಿನಲ್ಲಿ ಕೂತು ಗಡ್ಡ ನರೆಯುವ ತನಕ ವಾದಿಸಿದ. ಕಡೆಗೊಂದು ದಿನ ರಾಣಿ ಅಗಾಥಾ ಅವನ ಬೆರಳಿಗೆ ಮುದ್ರೆಯುಂಗುರ ತೊಡಿಸಿದಳು.

"ಕೆಲಸ ಮುಗಿದ ದಿನ ಎದ್ದು ಬಂದು ಇದನ್ನು ವಾಪಸ್ಸು ಕೊಡಪ್ಪ. ಇದುವರೆಗೆ ಒಬ್ಬರೂ ಕೊಟ್ಟಿಲ್ಲ. ಹೊಸದು ಮಾಡಿಸಿ ಮಾಡಿಸಿ ನನಗೂ ಬೇಸರ ಬಂದಿದೆ."

ಕರಿ ಬಾಗಿಲು ತಾನಾಗಿ ತೆರೆಯಿತು. ಒಳಗೆ ಸೈಲಸ್ ಎಂಬ ಕಾರ್ಯದರ್ಶಿ ಕೈ ಮುಗಿದು ನಿಂತಿದ್ದ. ಅವನ ತೋಳುಗಳಿಂದ ಮಂಜು ಸುರಿಯುತ್ತಿತ್ತು, ಅವನೊಬ್ಬ ಮಾಂತ್ರಿಕ. ಮೆಟ್ಟಿಲುಗಳುದ್ದಕ್ಕೂ ಹಿಂದಿನ ಪ್ರಧಾನಮಂತ್ರಿಗಳ ಚಿತ್ರಗಳು. ಅವುಗಳ ನಡುವೆ ಒಂದು ಚೌಕಟ್ಟಿನಲ್ಲಿ ಹೆಸ್ಟರ್! ಹೋದ ದಿನದಷ್ಟೇ ಎಳೆಯ ಮುಖ. ಬಣ್ಣದ ಕಣ್ಣಲ್ಲಿ ನಿಜವಾದ ನೀರು.

ಟೋಬಿಯಸ್ ಕುರ್ಚಿಯಲ್ಲಿ ಕೂತದ್ದೇ ತಡ, ಕಡಲಿನಿಂದ ಸರ್ಪವೊಂದು ಎದ್ದು ಬಂದರಿಗೆ ಸುತ್ತು ಹಾಕಿತು. ಅವನು ದ್ವೀಪದ ಗಂಟೆಗಳನ್ನೆಲ್ಲ ಒಮ್ಮೆಲೇ ಬಾರಿಸಿದ. ಸರ್ಪ ಕಿವಿ ಮುಚ್ಚಿಕೊಳ್ಳಲು ಕೈಯಿಲ್ಲದೆ ಪಾತಾಳಕ್ಕೆ ಓಡಿತು.

"ಇನ್ನೊಂದೇ ದಿನ ಕೂತಿರಿ, ಪ್ರಭು," ಎಂದ ಸೈಲಸ್. ಕೂತ. ಪಾದಗಳು ತಣ್ಣಗಾದವು.

ಮರುದಿನ ಊರಿನ ಕಲ್ಲಿನ ಸಿಂಹಗಳು ಜೀವ ತಳೆದು ಬೀದಿಗಿಳಿದವು. "ನಮಗೆ ಕೆಲಸವಿಲ್ಲ!" ಎಂದು ಗರ್ಜಿಸಿದವು. ಅವನು ಒಂದೊಂದಕ್ಕೆ ಒಂದೊಂದು ಸೇತುವೆ ಕಾಯಲು ಕೊಟ್ಟ. ಅವು ಹೆಮ್ಮೆಯಿಂದ ಮತ್ತೆ ಕಲ್ಲಾದವು.

"ಇನ್ನೊಂದೇ ದಿನ ಕೂತಿರಿ, ಪ್ರಭು." ಕೂತ. ಮೊಣಕಾಲವರೆಗೆ ಚಿತ್ರದ ಬಣ್ಣ ಏರಿತು.

ಆಗ ಆ ಮನೆಯ ಇಲಿ ಹಿಡಿಯುವ ಬೂದು ಬೆಕ್ಕು ಬಂದು ಎದುರಿಗೆ ಕೂತಿತು. "ಪ್ರಧಾನಿಗಳು ಬರ್ತಾರೆ, ಹೋಗ್ತಾರೆ ಅಂತಾರೆ ಜನ. ಬರೋದು ನೋಡಿದ್ದೀನಪ್ಪ. ಹೋಗೋದು ಈ ಕಣ್ಣಲ್ಲಿ ಕಂಡಿಲ್ಲ," ಎಂದು ಮೀಸೆ ಒರೆಸಿಕೊಂಡಿತು.

ಟೋಬಿಯಸ್ ಚಿತ್ರಗಳತ್ತ ತಿರುಗಿ ನೋಡಿದ. ಎಲ್ಲರೂ ಕೂತಿದ್ದರು. ಎಲ್ಲರೂ! ಒಬ್ಬರಾದರೂ ನಿಂತ ಚಿತ್ರವಿಲ್ಲ.

ಸೈಲಸ್ ಕಿವಿಯ ಹತ್ತಿರ ಬಾಗಿದ. "ಇದು ಮೂರನೆಯ ಸಲ ಕೇಳುತ್ತಿದ್ದೇನೆ, ಪ್ರಭು. ನೀವು ಕೂತೇ ಇದ್ದರೆ ನಿಮ್ಮಕ್ಕನನ್ನು ಬಿಡುತ್ತೇನೆ. ಎದ್ದರೆ ಅವಳು ಬೂದಿ."

ಟೋಬಿಯಸ್ ಇಷ್ಟು ವರ್ಷ ಬಾಳಿದ್ದೇ ಅವಳಿಗಾಗಿ. ಎದ್ದರೆ ಅವಳು ಹೋದಾಳು. ಆದರೆ ಕೂತವರಲ್ಲಿ ಯಾರನ್ನು ಈ ಸೈಲಸ್ ಬಿಟ್ಟಿದ್ದಾನೆ? ಅವರಿಗೂ ಇಂಥದ್ದೇ ಏನೋ ಆಸೆ ತೋರಿಸಿರಬೇಕು. ಅವನು ಉಂಗುರ ಕಳಚಿ ಮುಷ್ಟಿಯಲ್ಲಿ ಹಿಡಿದ. ಕುರ್ಚಿಯಿಂದ ಎದ್ದು ನಿಂತು ಕಂಠ ಬಿರಿಯುವಂತೆ ಕೂಗಿದ:

"ದಡ ಬಂತು, ಏಳ್ರಪ್ಪಾ ಏಳಿ!"

ಚೌಕಟ್ಟಿನೊಳಗೆ ಹೆಸ್ಟರ್ ಬೂದಿಯಾಗಲಿಲ್ಲ, ತಟ್ಟನೆ ಎದ್ದು ನಿಂತಳು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಅದು, ಮಂತ್ರಕ್ಕೆ ಬಗ್ಗುತ್ತದೆಯೇ? ಅವಳೂ ಕೂಗಿದಳು. ಮೆಟ್ಟಿಲುಗಳುದ್ದಕ್ಕೂ ಮುದುಕರು, ಬೊಕ್ಕತಲೆಯವರು, ಕನ್ನಡಕದವರು ಕಣ್ಣುಜ್ಜಿಕೊಂಡು ಎದ್ದು ಚೌಕಟ್ಟುಗಳಿಂದ ಇಳಿದರು. ಟೋಬಿಯಸ್ ಬಣ್ಣ ಉದುರುವ ಕಾಲೆಳೆದುಕೊಂಡು ಹೋಗಿ ಕರಿ ಬಾಗಿಲನ್ನು ಒಳಗಿನಿಂದ ತೆರೆದ. ಬಿಸಿಲು ನುಗ್ಗಿತು. ಬರೀ ಮಂಜಿನಿಂದಾಗಿದ್ದ ಸೈಲಸ್ ಒಂದು ನಿಟ್ಟುಸಿರಾಗಿ ಕರಗಿಹೋದ.

"ಯಾರಪ್ಪಾ ನೀನು, ಗಡ್ಡದ ತಾತ?" ಎಂದಳು ಹೆಸ್ಟರ್.

"ನಿನ್ನ ತಮ್ಮ ಕಣೇ!"

ರಾಣಿಯ ಮಡಿಲು ಉಂಗುರಗಳಿಂದ ತುಂಬಿತು. "ಇಷ್ಟು ಬೆರಳು ನಾನೆಲ್ಲಿಂದ ತರಲಿ!" ಎಂದು ಅವಳು ನಕ್ಕಳು.

ಅಕ್ಕ ತಮ್ಮ ಹೊಳೆಗೆ ಮರಳಿದರು. ಹಿರಿಯರು ಯಾರು, ಹುಟ್ಟು ಹಾಕುವವರು ಯಾರು ಅಂತ ಜಗಳಾಡುತ್ತ ಸುಖವಾಗಿ ಬಾಳಿದರು. ಆ ರಾಜ್ಯದಲ್ಲಿ ಅಂದಿನಿಂದ ಪ್ರಧಾನಮಂತ್ರಿಯ ಕೆಲಸ ಮುಗಿದ ದಿನ ಜನ ಕರಿ ಬಾಗಿಲ ಮುಂದೆ ಸೇರಿ, "ದಡ ಬಂತು!" ಎಂದು ಕೂಗುತ್ತಾರೆ. ಬಾಗಿಲು ತೆರೆಯುತ್ತದೆ. ಒಳಗಿದ್ದವರು ನಗುತ್ತ ಇಳಿದು ಬರುತ್ತಾರೆ, ಬೆಕ್ಕು ಅವರನ್ನು ಬೀದಿಯ ತಿರುವಿನವರೆಗೆ ಬೀಳ್ಕೊಟ್ಟು ಹೋಗುತ್ತದೆ.