ಕಾಲುಚೀಲದೊಳಗಿನ ಗುಟ್ಟು

ಪರದೆಯ ಸಂದಿಯಲ್ಲಿ ನಾನು ಕಂಡದ್ದಿಷ್ಟು: ನನ್ನ ಗಂಡನ ಎಡಪಾದ ಡಯಾಲಿಸಿಸ್ ಸಿಸ್ಟರ್‌ನ ಅಂಗೈಯಲ್ಲಿತ್ತು. ಎರಡು ಬೆರಳು ಪಾದದ ಮೇಲಿಟ್ಟು, ಕಣ್ಣು ಮುಚ್ಚಿ, ಅವಳು ನಾಡಿ ಹುಡುಕುತ್ತಿದ್ದಳು. ಇವರು ಅವಳ ಮುಖವನ್ನೇ ನೋಡುತ್ತಿದ್ದರು.

"ಮನೇಲಿ ಹೇಳ್ಬೇಡಿ ಸಿಸ್ಟರ್, ಪ್ಲೀಸ್."

ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

ಮದುವೆಯಾಗಿ ಹನ್ನೆರಡು ವರ್ಷ, ಇವರ ಕಿಡ್ನಿ ಕೈಕೊಟ್ಟು ಮೂರು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಇವರನ್ನು ಆ ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೇನೆ. ಯಂತ್ರದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಈಚೆಗೆ ಇವರು ಬಾಗಿಲು ಹಾಕಿಕೊಂಡು ಕಾಲುಚೀಲ ತೊಡುತ್ತಾರೆ. ಮಲಗುವಾಗಲೂ ಬಿಚ್ಚುವುದಿಲ್ಲ. ಕಾಲು ಒತ್ತಲು ಹೋದರೆ, "ಬೇಡ್ವೇ, ನಿಂಗೇ ಸುಸ್ತಾಗಿರುತ್ತೆ" ಎಂಬ ಸಬೂಬು. ಅವಳ ಮುಂದೆ ಮಾತ್ರ ಬರಿಗಾಲು!

ಅಂದು ಮನೆಗೆ ನಡೆಯುವಾಗ ಇವರು ನೂರು ಹೆಜ್ಜೆಗೊಮ್ಮೆ ನಿಂತರು.

"ಏನ್ರೀ, ಬಿಟ್ಟು ಬರೋಕೆ ಮನಸ್ಸಿಲ್ವಾ?"

"ಯಾರನ್ನ?"

"ಪಾದಸೇವೆ ಮಾಡ್ತಾಳಲ್ಲ, ಅವಳನ್ನ."

ಇವರು ನಕ್ಕರು. ಓರೆಗಣ್ಣಲ್ಲಿ ನನ್ನನ್ನು ನೋಡಿ ಮತ್ತೂ ನಕ್ಕರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮುಂದಿನ ಸರದಿಗೆ ಪರದೆ ಸರಿಸಿ ಒಳಗೇ ಹೋದೆ.

"ನಂಗೆ ತೋರಿಸದೇ ಇರೋದು ನಿಮಗೇನು ತೋರಿಸ್ತಾರೆ ಸಿಸ್ಟರ್?"

ಅವಳು ಇವರತ್ತ ತಿರುಗಿದಳು. "ನೀವೇ ಹೇಳ್ತೀರೋ, ನಾನು ಹೇಳ್ಲೋ? ಇವತ್ತೇ ಕೊನೆ ಗಡುವು ಅಂದಿದ್ದೆ."

ಇವರು ತಾವೇ ಕಾಲುಚೀಲ ಬಿಚ್ಚಿದರು. ಕಿರುಬೆರಳ ಪಕ್ಕದಲ್ಲಿ ಗಾಯ. ಅಂಚು ಕಪ್ಪಗಾಗಿತ್ತು.

"ಡಯಾಲಿಸಿಸ್‌ನವರಿಗೆ ಕಾಲಿನ ರಕ್ತನಾಳ ಕಿರಿದಾಗೋದು ಜಾಸ್ತಿ, ಅಕ್ಕಾ. ಅದಕ್ಕೇ ನಡೆದ್ರೆ ನೋವು, ಪಾದ ತಣ್ಣಗೆ. ಸ್ಪರ್ಶಾನೂ ಕಮ್ಮಿ ಆಗಿದೆ. ಬಿಸಿ ಇಟ್ರೆ ಸುಟ್ಟಿದ್ದೇ ತಿಳಿಯಲ್ಲ, ಗಾಯಾನೂ ಬೇಗ ಮಾಯಲ್ಲ."

ಬಿಸಿ. ಈ ಕಾಲುಚೀಲದ ಕಾಟ ಶುರುವಾಗುವವರೆಗೂ, ತಣ್ಣಗಿದ್ದ ಆ ಪಾದಕ್ಕೆ ದಿನಾ ಬೆಳಿಗ್ಗೆ ಬಿಸಿನೀರಿನ ಚೀಲ ಇಡುತ್ತಿದ್ದವಳು ನಾನು.

"ನಾನಾ ಸುಟ್ಟಿದ್ದು?"

"ಗೊತ್ತಾದ್ರೆ ನೀನು ಇನ್ಮೇಲೆ ನನ್ನ ಮುಟ್ಟೋಕೇ ಹೆದರ್ತೀಯ ಅನ್ನಿಸ್ತು ಕಣೇ."

"ಅದಕ್ಕೆ ಬೆರಳೇ ಹೋದ್ರೂ ಪರವಾಗಿಲ್ವಾ? ಬುದ್ಧಿ ಇದೆಯಾ ನಿಮಗೆ?" ಬೈಯುತ್ತಲೇ ಅತ್ತುಬಿಟ್ಟೆ.

ಡಯಾಲಿಸಿಸ್ ಮುಗಿದ ಮೇಲೆ ಸಿಸ್ಟರ್ ವೀಲ್‌ಚೇರ್ ತಂದಳು. ರಕ್ತನಾಳದ ಡಾಕ್ಟರ್ ಮೂರನೇ ಮಹಡಿಯಲ್ಲಿ ಕಾಯುತ್ತಿದ್ದರು.

"ನಾನೇ ತಳ್ತೀನಿ," ಎಂದೆ. ಅವಳು ತುಟಿಯಂಚಲ್ಲೇ ನಕ್ಕು ದಾರಿ ಬಿಟ್ಟಳು.

ಲಿಫ್ಟ್‌ನಲ್ಲಿ ನಾವಿಬ್ಬರೇ.

"ಕೋಪ ಹೋಯ್ತಾ?"

"ಇಲ್ಲ. ಮೊದಲು ಬೆರಳು ಉಳೀಲಿ, ಆಮೇಲೆ ಇದೆ ನಿಮಗೆ."

ಇವರು ನಗಲಿಲ್ಲ. ಹಿಂದಕ್ಕೆ ಕೈಚಾಚಿ ನನ್ನ ಮಣಿಕಟ್ಟು ಹಿಡಿದರು.

"ನಂಗೆ ತುಂಬಾ ಭಯ ಆಗ್ತಿದೆ ಕಣೇ."

ಮೂರು ವರ್ಷದಲ್ಲಿ ಇವರು ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಆ ಸಿಸ್ಟರ್ ಹತ್ತಿರವೂ.